ಮುದ್ದೆ ಅಗಿಯುತ್ತಿದ್ದ ಮಾವ

ಪ್ರತಿ ತುತ್ತಿಗೂ ಕತ್ತನ್ನು ಕೊಕ್ಕರೆಯಂತೆ ಚಾಚಿ, ಕಣ್ಣು ಮುಚ್ಚಿ, ಮೇಲೊಂದು ಗುಟುಕು ನೀರು ಕುಡಿದು ನುಂಗುತ್ತಿದ್ದ ನನ್ನ ಸೋದರಮಾವನ ತಿಥಿ ಹೋದ ವಾರ ದೊಡ್ಡಬೆಳವಂಗಲದಲ್ಲಿ ಆಯಿತು. ಕೆಡಬಹುದಾದದ್ದನ್ನೆಲ್ಲ ನಾನು ಮುಂಚೆಯೇ ಯೋಚಿಸಿಟ್ಟಿದ್ದೆ. ಮಳೆಗೆ ಶಾಮಿಯಾನ ಕುಸಿಯಬಹುದು, ಗ್ಯಾಸ್ ಮುಗಿಯಬಹುದು, ಎಡೆಗೆ ಕಾಗೆ ಬಾರದಿರಬಹುದು, ಚಿಕ್ಕಮ್ಮಂದಿರು ಹಳೆಯ ಜಗಳ ತೆಗೆಯಬಹುದು, ನನಗೇ ಬಿಪಿ ಏರಿ ಇನ್ನೊಂದು ತಿಥಿಗೆ ದಾರಿಯಾಗಬಹುದು. ಇವ್ಯಾವುದೂ ಆಗಲಿಲ್ಲ.

ನಮ್ಮ ಕಡೆ ರಾಗಿಮುದ್ದೆಯನ್ನು ನುಂಗಬೇಕು, ಅಗಿಯಬಾರದು. ಮಾವ ಅಗಿಯುತ್ತಿದ್ದರು. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಇವರ ಊಟ ನೋಡಿ, 'ಮುದ್ದೆ ನುಂಗಕ್ಕಾಗ್ದೋನು ನೇಗಿಲು ಹಿಡೀತಾನಾ?' ಅಂದರಂತೆ. ಮಾತು ಊರೂರು ಸುತ್ತಿತು. ಮದುವೆ ಆಗಲೇ ಇಲ್ಲ. ಉಬ್ಬಸವೂ ಇತ್ತು, ಅದಕ್ಕೂ ಇದಕ್ಕೂ ನಂಟಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಕೆಣಕಿದವರಿಗೆ ಮಾವ, 'ನಿಮ್ಗೆ ಹೊಟ್ಟೆ ತುಂಬುದ್ರೆ ಸಾಕು. ನಂಗೆ ರುಚೀನೂ ಬೇಕು ಕಣ್ರಲಾ' ಎನ್ನುತ್ತಿದ್ದರು.

ಅರವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ತುತ್ತು ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ದೊಡ್ಡಬಳ್ಳಾಪುರದ ಆಸ್ಪತ್ರೆಯವರೆಗೂ ನಾನು ಕ್ಯಾನ್ಸರ್ ಎಂದೇ ನಡುಗಿದೆ. ಡಾಕ್ಟರು ಕೊಳವೆ ಇಳಿಸಿ ತುತ್ತು ತೆಗೆದು, ಒಳಗಿನ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ, ಅನ್ನನಾಳದಲ್ಲಿ ಬಹಳ ಹಳೆಯ ಅಲರ್ಜಿ ಎಂದರು.

'ಉಬ್ಬಸ ಇರೋರಲ್ಲಿ ಬರುತ್ತೆ, ಗಂಡಸರಲ್ಲಿ ಜಾಸ್ತಿ. ನಮ್ ಕಡೆ ಕಮ್ಮಿ ಅಂತಾರೆ. ಕೊಳವೆ ಹಾಕಿ ನೋಡಿರೋದೇ ಕಮ್ಮಿ. ಮನೇಲಿ ಇನ್ಯಾರಿಗಾದ್ರೂ ಇದ್ಯಾ?'

'ಇಲ್ಲ ಡಾಕ್ಟ್ರೇ' ಎಂದೆ.

ಮಾವ ಗದ್ದದಿಂದಲೇ ನನ್ನತ್ತ ತೋರಿಸಿದರು. 'ಇವನಿಗಿದೆ ಸಾರ್. ಚಿಕ್ಕೋನಾಗಿದ್ದಾಗ್ಲಿಂದ ನೋಡ್ತಿದೀನಿ, ನೀರಿಲ್ದೆ ಏನೂ ಇಳಿಯಲ್ಲ.'

ಹೊರಗೆ ಬಂದ ಮೇಲೆ ರೇಗಿದೆ. 'ಗೊತ್ತಿದ್ರೆ ಮೊದ್ಲೇ ಹೇಳ್ಬಾರ್ದಿತ್ತಾ ಮಾವ?'

'ಹೇಳಿದ್ರೆ ನಿಂಗ್ಯಾರೋ ಹೆಣ್ಣು ಕೊಡ್ತಿದ್ರು?'

ನನಗೂ ಕೊಳವೆ ಇಳಿಸಿ ನೋಡಿದರು, ಅದೇ ಎಂದಾಯಿತು. ಮಾವನ ಅನ್ನನಾಳ ಆಗಲೇ ಕಿರಿದಾಗಿತ್ತು. ನನ್ನದು ಅಷ್ಟಾಗುವ ಮೊದಲೇ ಪತ್ತೆಯಾಯಿತಂತೆ. ಇಬ್ಬರಿಗೂ ಔಷಧಿ ಶುರುವಾಯಿತು. ನುಂಗುವ ನೋವು ಕಡಿಮೆಯಾಯಿತು, ಉಣ್ಣುವ ನಿಧಾನ ಮಾತ್ರ ಹೋಗಲಿಲ್ಲ. ಕೊನೆಗೆ ಮಾವ ಹೋದದ್ದು ಹೃದಯ ನಿಂತು. ನಾನು ಹೆದರಿದ್ದ ಕಾಯಿಲೆಗಳ ಪಟ್ಟಿಗೆ ಅದೊಂದನ್ನು ಸೇರಿಸಲು ಮರೆತಿದ್ದೆ.

ನಮ್ಮಲ್ಲಿ ಹಿರಿಯರು ಏಳುವವರೆಗೆ ಪಂಕ್ತಿ ಏಳುವಂತಿಲ್ಲ. ಯಾವ ಮನೆಯ ಊಟವಿರಲಿ, ಮಾವ ನನ್ನ ಪಕ್ಕದಲ್ಲೇ ಕೂರುತ್ತಿದ್ದರು, ನನ್ನ ಎಲೆ ಖಾಲಿಯಾದ ಮೇಲೆಯೇ ಏಳುತ್ತಿದ್ದರು. 'ಈ ಯಪ್ಪನಿಂದ ಎಲ್ಲಾ ಲೇಟು' ಎಂದು ನೆಂಟರು ಅವರನ್ನೇ ಬೈಯುತ್ತಿದ್ದರು.

ತಿಥಿಯ ಊಟದಲ್ಲಿ, ನನ್ನ ಎಲೆಯಲ್ಲಿ ಇನ್ನೂ ಅರ್ಧ ಮುದ್ದೆ ಇರುವಾಗಲೇ ಪಂಕ್ತಿ ಎದ್ದುಹೋಯಿತು.