ಎರಡೂವರೆ ತಾಸಿನ ದುಬೈ

ಹಾವೇರಿ ಸ್ಟೇಶನ್ ರಸ್ತೆಯ ಇಸಾಕಸಾಬ ಗಡಿಯಾರ ರಿಪೇರಿ ಮಾಡುವವನು. ಹತ್ತು ವರ್ಷದಿಂದ ನಿಂತ ವಾಚು ಕೂಡ ಅವನ ಅಂಗಡಿ ಮುಂದೆ ಹಾದರೆ ಸಾಕು, ಹೆದರಿ ನಡೆಯಲು ಶುರು ಮಾಡುತ್ತದೆ. ರೈಲಿನ ಡ್ರೈವರುಗಳು ಇವನನ್ನು ಕೇಳಿಯೇ ವಾಚು ಹೊಂದಿಸಿಕೊಳ್ಳುತ್ತಾರೆ ಎಂಬ ಮಾತೂ ಇದೆ, ಹಬ್ಬಿಸಿದವನು ನಾನೇ.

ಇಂಥವನಿಗೆ ಒಂದು ಹಟ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ರಂಜಾನಿನ ಒಂದು ಸಂಜೆಯೂ ಹೆಂಡತಿ ಜೈತೂನಬಿಯನ್ನು ಬಿಟ್ಟು ಒಬ್ಬನೇ ಉಪವಾಸ ಮುರಿದವನಲ್ಲ. ಆಕೆ ಎದುರು ಕುಳಿತು ಖರ್ಜೂರ ಕೈಗೆತ್ತಿಕೊಂಡ ಮೇಲೆಯೇ ಇವನು ಬಾಯಿ ತೆರೆಯುವುದು.

ಕಳೆದ ರಂಜಾನಿನಲ್ಲಿ, ದುಬೈಯಲ್ಲಿರುವ ಮಗಳು ಸಾಜಿಯಾಳ ಬಾಣಂತನಕ್ಕೆ ಜೈತೂನಬಿ ಹೊರಡಬೇಕಾಯಿತು. ವಿಮಾನ ಬೆಂಗಳೂರು ಬಿಡುವುದು ನಾಲ್ಕು ಗಂಟೆ ಐದು ನಿಮಿಷಕ್ಕೆ, ದುಬೈ ಮುಟ್ಟುವುದು ಆರು ಮೂವತ್ತೈದಕ್ಕೆ ಎಂದು ಟಿಕೆಟ್ಟಿನಲ್ಲಿತ್ತು. ಇಸಾಕಸಾಬ ಕಳೆದು ನೋಡಿದ: ಎರಡೂವರೆ ತಾಸು. ನಮ್ಮೂರಿಂದ ಬೆಂಗಳೂರಿಗೇ ಅದಕ್ಕಿಂತ ಎರಡು ಪಟ್ಟು ಹೊತ್ತು ಬೇಕು. ಹಾಗಾದರೆ ದುಬೈ ರಾಣೆಬೆನ್ನೂರು ದಾಟಿ ಎಡಕ್ಕೆ ಹೊರಳಿದರೆ ಸಿಗಬೇಕು ಎಂದು ನಾನೂ ದನಿಗೂಡಿಸಿದೆ. ಮಗ ತೌಹೀದ ಮೊಬೈಲು ನೋಡಿ, ದಾರಿ ಎರಡು ಸಾವಿರದ ಏಳುನೂರು ಕಿಲೋಮೀಟರು, ನಾಲ್ಕು ತಾಸು ಬೇಕು ಎಂದ. ಅಚ್ಚು ಹಾಕಿದ ಟಿಕೆಟ್ಟು ಸುಳ್ಳು ಹೇಳುವುದಿಲ್ಲ ಎಂದು ಅಪ್ಪ ಅವನ ಬಾಯಿ ಮುಚ್ಚಿಸಿದ. ಹಾವೇರಿಯಲ್ಲಿ ಅಂದು ಉಪವಾಸ ಬಿಡುವ ಹೊತ್ತು ಆರು ಮೂವತ್ತೇಳು. ಗಾಲಿ ನೆಲ ಮುಟ್ಟಿದ ಕೂಡಲೇ ಆಕೆ ಫೋನು ಮಾಡುವುದು, ಇಬ್ಬರೂ ಒಟ್ಟಿಗೇ ಖರ್ಜೂರ ಬಾಯಿಗಿಡುವುದು ಎಂದು ಕರಾರಾಯಿತು.

ಆ ಸಂಜೆ ನನ್ನನ್ನೂ ಕರೆದಿದ್ದ. ತಟ್ಟೆ ತುಂಬ ಮಿರ್ಚಿ ಭಜಿ. ಅಜಾನ್ ಆಯಿತು, ಫೋನು ಬರಲಿಲ್ಲ. ಹೊತ್ತಾದ ಮೇಲೂ ಉಪವಾಸ ಎಳೆಯಬಾರದೆಂಬ ಧರ್ಮ ಮೀರಬಾರದೆಂದು ಒಂದು ಗುಟುಕು ನೀರು ಕುಡಿದ, ಖರ್ಜೂರ ಮುಟ್ಟಲಿಲ್ಲ. ಏಳಾಯಿತು. ಅವನ ಹೊಟ್ಟೆಯ ಸದ್ದನ್ನು ಗುಡುಗೆಂದು ತಿಳಿದು ಪಕ್ಕದೂರು ಅಗಡಿಯ ಜನ ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿ ಒಳಗೆ ಸಾಗಿಸಿದರಂತೆ. ವಿಮಾನಕ್ಕೇನಾಯಿತೋ ಎಂದು ಅವನ ಮುಖ ಸಣ್ಣದಾಯಿತು.

ತೌಹೀದ ಆಗ ಮೆಲ್ಲಗೆ ಅಂದ: "ಅಬ್ಬಾ, ಟಿಕೆಟ್ನಾಗ ಇಳಿಯೋ ಟೈಮು ದುಬೈ ಗಡಿಯಾರದ್ದು. ಅದು ನಮ್ಮದಕ್ಕಿಂತ ಒಂದೂವರೆ ತಾಸು ಹಿಂದ ಐತಿ. ಅಮ್ಮಿ ಇನ್ನೂ ಆಕಾಶದಾಗ ಅದಾಳ."

ಇಸಾಕಸಾಬ ಗೋಡೆ ಗಡಿಯಾರದ ಮೇಲೆ ಬೆರಳಿಟ್ಟು ಒಂದೂವರೆ ತಾಸು ಹಿಂದಕ್ಕೆ ಎಣಿಸಿದ. ಅಲ್ಲಿ ಇನ್ನೂ ಹೊತ್ತು ಮುಳುಗಿಲ್ಲವೇನು ಎಂದು ಕೇಳಿದ. ಇಲ್ಲ ಎಂದ ಮಗ.

"ಹಂಗಾರ ಆಕಿ ಉಪಾಸ ಅದಾಳ," ಎಂದವನೇ ತಟ್ಟೆಯನ್ನು ನನ್ನ ಕಡೆ ತಳ್ಳಿದ. ನಾನೂ ಕಾದೆ ಎಂದರೆ ನೀವು ನಂಬುವುದಿಲ್ಲ. ಹದಿನಾಲ್ಕು ಭಜಿ ತಿಂದೆ.

ಎಂಟು ಹತ್ತಕ್ಕೆ ಫೋನು ಬಂತು, ತೌಹೀದ ಸ್ಪೀಕರಿಗೆ ಹಾಕಿದ. ಅವರು ಮಾತಾಡಿದ್ದು ಉರ್ದುವಿನಲ್ಲಿ, ನನಗೆ ತಿಳಿದಷ್ಟು ಹೇಳುತ್ತೇನೆ. ಸೂರ್ಯ ಕಿಟಕಿಯಾಚೆ ವಿಮಾನದ ಜೊತೆಗೇ ಓಡಿ ಬಂದ, ಲಗೂ ಮುಳುಗಲೇ ಇಲ್ಲ ಎಂದು ಜೈತೂನಬಿ ದೂರಿದಳು. ಈಗಷ್ಟೇ ಖರ್ಜೂರ ಕೈಗೆ ತಗೊಂಡೆ, ನೀವಂತೂ ಆವಾಗಲೇ ಉಂಡಿರಬೇಕು ಎಂದಳು.

"ಇಲ್ಲ."

"ಯಾಕ್ರಿ?"

ತನ್ನದು ತಪ್ಪೆಂದು ಹುಟ್ಟಿದಾಗಿನಿಂದ ಒಪ್ಪದ ಮನುಷ್ಯ ಖರ್ಜೂರ ಕೈಗೆತ್ತಿಕೊಂಡ. "ನಮ್ಮ ಮನಿ ಗಡಿಯಾರ ಒಂದೂವರೆ ತಾಸು ಮುಂದ ಓಡಾಕತ್ತಿತ್ತು," ಎಂದ. "ಹೂಂ, ಬಾಯಾಗ ಹಾಕ್ಕೋ."

ಆಮೇಲೆ ಎರಡು ನಿಮಿಷ ಎರಡೂ ಕಡೆಯಿಂದ ಅಗಿಯುವ ಸದ್ದು.