ಆಮೆಯ ಏಕಾದಶಿ

ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿ ಹೇಳಿ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾರನ್ನು ಕಂಡರೂ ಮನಸ್ಸಿನಲ್ಲೇ ಮಾರ್ಕ್ಸ್ ಹಾಕಿಬಿಡುತ್ತೇನೆ. ಆಟೋದವರಿಗೆ, ಟೀವಿಯಲ್ಲಿ ವಾರ್ತೆ ಓದುವವರಿಗೆ, ಮದುವೆ ಮನೆಯಲ್ಲಿ ಬಡಿಸುವವರಿಗೆ, ಎಲ್ಲರಿಗೂ ಹಾಕಿ ಮುಗಿದ ಮೇಲೆ ನಮ್ಮ ಮನೆಯ ಎರಡು ಆಮೆಗಳಿಗೂ ಹಾಕಿದ್ದೆ. ನೀರಾಮೆಗೆ ನೂರಕ್ಕೆ ತೊಂಬತ್ತೆರಡು. ನೆಲದಾಮೆಗೆ ಹನ್ನೆರಡು, ಅದೂ ಗ್ರೇಸ್ ಮಾರ್ಕ್ಸ್ ಸೇರಿಸಿ.

ನೀರಾಮೆಯನ್ನು ಜಯನಗರದ ಒಂದು ಪೆಟ್ ಅಂಗಡಿಯಿಂದ ನಾನೇ ತಂದಿದ್ದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಜಾತಿ, ಹಾಲ್‌ನ ಮೂಲೆಯ ಗಾಜಿನ ತೊಟ್ಟಿಯಲ್ಲಿ ಅದರ ವಾಸ. ಡಬ್ಬಿ ಅಲ್ಲಾಡಿಸಿದರೆ ಊಟ ಬರುತ್ತದೆ ಎಂಬ ಪಾಠವನ್ನು ಎರಡೇ ದಿನದಲ್ಲಿ ಕಲಿತಿತ್ತು. ನನ್ನನ್ನು ಕಂಡರೆ ಸಾಕು, ಗಾಜಿಗೆ ಮೂತಿ ಒತ್ತಿ ನಾಲ್ಕೂ ಕಾಲು ಬಡಿಯುತ್ತಿತ್ತು. 'ನೋಡಿದ್ರಾ, ನನ್ನ ಗುರುತು ಹಿಡಿಯುತ್ತೆ' ಎಂದು ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಆಮೇಲೊಂದು ದಿನ ನಲ್ಲಿ ರಿಪೇರಿಗೆ ಬಂದವರ ಮುಂದೆಯೂ ಅದು ಅದೇ ಕುಣಿತ ಕುಣಿಯಿತು. ಆದರೂ ಮಾರ್ಕ್ಸ್ ಕಡಿಮೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಮೊದಲ ಬೆಂಚಿನವರ ಮೇಲೆ ಟೀಚರ್‌ಗಳಿಗೆ ಯಾವಾಗಲೂ ಸ್ವಲ್ಪ ಮಮಕಾರ ಜಾಸ್ತಿ.

ನೆಲದಾಮೆ ಬಂದದ್ದು ಗಿರಿನಗರದ ನನ್ನ ಗೆಳತಿಯಿಂದ. ಅಪಾರ್ಟ್‌ಮೆಂಟಿಗೆ ಮನೆ ಬದಲಿಸುವಾಗ 'ಎರಡು ತಿಂಗಳು ಇಟ್ಕೊಂಡಿರೇ' ಎಂದು ಬಿಟ್ಟು ಹೋದವಳು ಮತ್ತೆ ಆ ಮಾತೇ ಎತ್ತಲಿಲ್ಲ. ನಮ್ಮ ಕಡೆಯ ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕಲು ಕಾನೂನು ಬಿಡುವುದಿಲ್ಲ. ಇದು ಆಫ್ರಿಕಾ ಮೂಲದ್ದು, ಸುಮಾರಾಗಿ ಒಂದು ಇಡ್ಲಿ ಕುಕ್ಕರ್ ಗಾತ್ರ. ಯಡಿಯೂರಿನ ನಮ್ಮ ಹಳೇ ಮನೆಯ ಮುಂದೆ ತುಳಸಿಕಟ್ಟೆ, ಸಂಪು, ಒಂದಿಷ್ಟು ಗರಿಕೆ ಇರುವ ಅಂಗಳವಿದೆ. ಅಷ್ಟರಲ್ಲೇ ಅದರ ಸಂಸಾರ. ದಿನಾ ಬೆಳಗ್ಗೆ ಗೋಡೆಗುಂಟ ಒಂದೇ ದಾರಿಯಲ್ಲಿ ಹೋಗಿ ಚಪ್ಪಲಿ ಸ್ಟ್ಯಾಂಡಿಗೆ ಡಿಕ್ಕಿ ಹೊಡೆಯುತ್ತಿತ್ತು. ಪಕ್ಕದಲ್ಲಿ ಎರಡಡಿ ಜಾಗವಿದ್ದರೂ ಸುತ್ತಿಕೊಂಡು ಹೋಗಬೇಕೆಂದು ಅದಕ್ಕೆ ಹೊಳೆಯುತ್ತಿರಲಿಲ್ಲ. ತಳ್ಳುತ್ತಿತ್ತು, ಸ್ಟ್ಯಾಂಡ್ ಸರಿಯುವವರೆಗೆ ತಳ್ಳುತ್ತಲೇ ಇರುತ್ತಿತ್ತು. ಕೆಂಪು ಬಣ್ಣ ಕಂಡರಂತೂ ಟೊಮೇಟೊ, ದಾಸವಾಳ, ನನ್ನ ಕಾಲಿನ ನೇಲ್ ಪಾಲಿಶ್ ಯಾವುದನ್ನೂ ಬಿಡುತ್ತಿರಲಿಲ್ಲ. ಹೆಬ್ಬೆರಳಿಗೆ ಎರಡು ಸಲ ಕಚ್ಚಿಸಿಕೊಂಡ ಮೇಲೆ ನಾನು ಹನ್ನೆರಡು ಮಾರ್ಕ್ಸ್ ನಿಗದಿ ಮಾಡಿದ್ದು.

ಅಪ್ಪನಿಗೆ ಮಾತ್ರ ಅದರ ಮೇಲೆ ಪ್ರಾಣ. ನೀರಾಮೆಯ ಡಬ್ಬಿ ಮೀನಿನ ವಾಸನೆ ಹೊಡೆಯುತ್ತದೆಂದು ಅವರು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ನೆಲದಾಮೆ ಶುದ್ಧ ಶಾಕಾಹಾರಿ, ಹಾಗಾಗಿ ನಮ್ಮವರ ಪೈಕಿ. ಬೆಳಗ್ಗೆ ಪೂಜೆ ಮುಗಿಸಿ, ಬಿಳಿ ಪಂಚೆಯಲ್ಲಿ ಅಂಗಳಕ್ಕೆ ಬಂದು, ಹಿಡಿ ಸೊಪ್ಪು, ಒಂದು ದಾಸವಾಳ ಇಡುತ್ತಿದ್ದರು. ಅದು ತುಳಸಿಕಟ್ಟೆಯ ಹಿಂದಿನಿಂದ ಹೊರಟು ಬಂದು ಅವರ ಕಾಲಿಗೊಂದು ಡಿಕ್ಕಿ ಕೊಟ್ಟೇ ತಿನ್ನಲು ಶುರುಮಾಡುತ್ತಿತ್ತು.

ಏಕಾದಶಿ ದಿನ ಅಪ್ಪ ನಿರಾಹಾರ. ಅವತ್ತು ಅಡುಗೆಮನೆಗೆ ಕಾಲಿಡುವುದಿಲ್ಲ, ಸೊಪ್ಪಿನ ಕಡ್ಡಿಯನ್ನೂ ಮುರಿಯುವುದಿಲ್ಲ. ಮಡಿಗೆಂದೇ ಇಟ್ಟಿರುವ ಕೆಂಪು ರೇಷ್ಮೆಯ ಮಗುಟ ಉಟ್ಟು ಪೂಜೆ ಮಾಡಿ ಅಂಗಳದಲ್ಲಿ ಕೂರುತ್ತಾರೆ. ಅಮ್ಮ ಇದ್ದಾಗ ಇಬ್ಬರದೂ ಉಪವಾಸ ನಡೆಯುತ್ತಿತ್ತು. ಅಮ್ಮ ಹೋದ ಮೇಲೆ ಅಪ್ಪ ಒಂಟಿಯಾದರು. ನನ್ನನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಏಕಾದಶಿ ಅಂದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ, ದರ್ಶಿನಿಯಲ್ಲಿ ಮಸಾಲೆ ದೋಸೆ ತಿನ್ನಬಹುದು, ನನ್ನ ಭಕ್ತಿ ಅಷ್ಟಕ್ಕೇ ಸೀಮಿತವಾಗಿತ್ತು.

ಮೊದಮೊದಲು ಆ ದಿನಗಳಲ್ಲೂ ಆಮೆ ಬಂದು ಡಿಕ್ಕಿ ಕೊಡುತ್ತಿತ್ತು. ಅಪ್ಪ ಎರಡೂ ಕೈ ಬಿಡಿಸಿ ತೋರಿಸಿ, 'ಇವತ್ತಿಲ್ಲಪ್ಪ, ನಾಳೆ' ಎನ್ನುತ್ತಿದ್ದರು. ಕೆಲವು ತಿಂಗಳು ಕಳೆದ ಮೇಲೆ ಅದು ಏಕಾದಶಿ ದಿನ ತುಳಸಿಕಟ್ಟೆಯ ಹಿಂದಿನಿಂದ ಹೊರಡುವುದನ್ನೇ ಬಿಟ್ಟಿತು. ತಲೆ ಒಳಗೆಳೆದುಕೊಂಡು ಸುಮ್ಮನೆ ಕೂತಿರುತ್ತಿತ್ತು. ಅಪ್ಪನ ಸಂಭ್ರಮ ಹೇಳತೀರದು. 'ನಮ್ಮ ಆಮೆ ಏಕಾದಶಿ ಮಾಡುತ್ತೆ' ಎಂದು ಬೀದಿಗೆಲ್ಲ ಸುದ್ದಿಯಾಯಿತು. ಎದುರು ಮನೆ ಆಂಟಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದು ಅದರ ಚಿಪ್ಪಿಗಿಷ್ಟು ಹಚ್ಚಿ, 'ಆಫ್ರಿಕಾದಿಂದ ಬಂದು ಕಲೀತು ನೋಡಿ, ನಮ್ಮನೆಯವರಿಗೆ ಇಷ್ಟು ವರ್ಷಕ್ಕೂ ಬರಲಿಲ್ಲ' ಎಂದರು. ಅಪ್ಪ ಅವತ್ತಿಡೀ ಆಮೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಮ್ಮ ಹೋದ ಮೇಲೆ ಏಕಾದಶಿ ದಿನ ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಕಂಡಿರಲಿಲ್ಲ.

ನನಗೆ ಅನುಮಾನ ಹುಟ್ಟಿದ್ದು ಅಮ್ಮನ ಶ್ರಾದ್ಧದ ದಿನ. ಅವತ್ತು ಏಕಾದಶಿಯಲ್ಲ. ಆದರೂ ಅಪ್ಪ ಮಗುಟ ಉಟ್ಟು ಅಂಗಳಕ್ಕೆ ಬಂದಾಗ ಆಮೆ ಅಲುಗಾಡಲಿಲ್ಲ. 'ಅದಕ್ಕೂ ಬೇಜಾರು' ಎಂದರು ಅಪ್ಪ. ನನ್ನ ತಲೆಯೊಳಗೆ ಮಾತ್ರ ಲೆಕ್ಕ ಓಡತೊಡಗಿತು. ತಿಥಿ ಬೇರೆ, ಮಗುಟ ಒಂದೇ. ಕೆಂಪು ಕಂಡರೆ ನನ್ನ ಹೆಬ್ಬೆರಳನ್ನೂ ಬಿಡದ ಪ್ರಾಣಿ ಅಷ್ಟು ದೊಡ್ಡ ಕೆಂಪು ಪಂಚೆಯ ತಂಟೆಗೆ ಹೋಗುತ್ತಿಲ್ಲ ಎಂದರೆ, ಈ ಕೆಂಪಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಅದು ಕಲಿತಿದೆ! ಕಲಿಯಲು ತಿಂಗಳುಗಳೇ ಹಿಡಿದಿರಬಹುದು, ಆದರೆ ಕಲಿತದ್ದನ್ನು ಮರೆತಿಲ್ಲ. ನನ್ನ ಹನ್ನೆರಡು ಮಾರ್ಕ್ಸಿನ ವಿದ್ಯಾರ್ಥಿ ಕೊನೇ ಬೆಂಚಿನಲ್ಲಿ ಕೂತು ನನಗೆ ಗೊತ್ತಾಗದಂತೆ ಓದುತ್ತಿತ್ತು.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ನನಗೆ ತಾಳೆ ನೋಡದಿದ್ದರೆ ನಿದ್ದೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಮಡಿಯ ಬಟ್ಟೆಗೆ ಮೈಲಿಗೆಯವರ ಬೆರಳು ತಾಗಿದರೂ ಅದು ಅವತ್ತಿನ ಪೂಜೆಗೆ ಬರುವುದಿಲ್ಲ. ಮುಂದಿನ ಏಕಾದಶಿ ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಸ್ಟೂಲ್ ಹತ್ತಿ, ಗಳದ ಮೇಲಿದ್ದ ಮಗುಟಕ್ಕೆ ಒಂದೇ ಒಂದು ಬೆರಳು ತಾಗಿಸಿದೆ. ಅಪ್ಪ ಹೊರಗೆ ಬಂದ ಕೂಡಲೇ, 'ಅಪ್ಪ, ಧೂಳು ಹೊಡೀವಾಗ ಮಗುಟ ಮುಟ್ಟಿಬಿಟ್ಟೆ' ಎಂದೆ. ಏಕಾದಶಿ ದಿನ ಬೆಳಬೆಳಗ್ಗೆ ನಾನು ಧೂಳು ಹೊಡೆಯುವುದೇ? ಅಪ್ಪ ನನ್ನನ್ನೊಂದು ಕ್ಷಣ ನೋಡಿದರು. ಮಡಿಯಲ್ಲಿ ಒಣಗಿದ್ದ ಬಿಳಿ ಪಂಚೆ ಉಟ್ಟು ಪೂಜೆಗೆ ಕೂತರು.

ಅವರು ಅಂಗಳಕ್ಕೆ ಬರುವ ಹೊತ್ತಿಗೆ ಎದುರು ಮನೆ ಆಂಟಿ ಬಟ್ಟಲು ಹಿಡಿದು ಹಾಜರು. ಬಿಳಿ ಪಂಚೆ ಮೆಟ್ಟಿಲಿಳಿದದ್ದೇ ತಡ, ತುಳಸಿಕಟ್ಟೆಯ ಹಿಂದಿನಿಂದ ಚಿಪ್ಪು ಹೊರಟಿತು. ನೇರ ಬಂತು, ಅಪ್ಪನ ಕಾಲಿಗೆ ಡಿಕ್ಕಿ ಕೊಟ್ಟಿತು, ಕತ್ತೆತ್ತಿ ಬಾಯಿ ತೆರೆಯಿತು. ನನ್ನ ಲೆಕ್ಕ ಪಕ್ಕಾ ಆಗಿತ್ತು.

'ಇವತ್ತು ಏಕಾದಶಿ ಅಲ್ವಾ ಅಂಕಲ್?' ಎಂದರು ಆಂಟಿ.

'ಏಕಾದಶಿನೇ ಕಣಮ್ಮ' ಎಂದ ಅಪ್ಪ ಬಗ್ಗಿ ಎರಡೂ ಕೈ ಬಿಡಿಸಿ ಆಮೆಗೆ ತೋರಿಸಿದರು. ಅದು ಮತ್ತೊಂದು ಡಿಕ್ಕಿ ಕೊಟ್ಟಿತು. ಆಂಟಿ ಬಟ್ಟಲು ಸೆರಗಿನಡಿ ಮುಚ್ಚಿಕೊಂಡು ಹೊರಟು ಹೋದರು. ಅಪ್ಪ ಬಗ್ಗಿದವರು ಬಗ್ಗಿಯೇ ಇದ್ದರು. ಗೆದ್ದೆ ಅಂದುಕೊಂಡಿದ್ದ ನಾನು ಅವರಿಗೆ ಹದಿನೈದು ದಿನಕ್ಕೊಮ್ಮೆ ಸಿಗುತ್ತಿದ್ದ ಜೊತೆಯನ್ನು ಒಂದು ಬೆರಳಿನಿಂದ ಕಿತ್ತುಕೊಂಡಿದ್ದೆ.

'ಅಪ್ಪ, ಬೇಕಂತಲೇ ಮುಟ್ಟಿದೆ. ಅದು ಏಕಾದಶಿ ಗೀಕಾದಶಿ ಏನೂ ಮಾಡಲ್ಲ. ನಿಮ್ಮ ಮಗುಟ ನೋಡಿ ಸುಮ್ನಾಗ್ತಿತ್ತು, ಅಷ್ಟೇ' ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

ಅಪ್ಪ ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕರು. 'ಶ್ರಾದ್ಧದ ದಿನಾನೇ ಗೊತ್ತಾಯ್ತು ಕಣೇ, ನಾನೇನು ದಡ್ಡನಾ?'

'ಮತ್ತೆ ಏಕಾದಶಿ ಮಾಡುತ್ತೆ ಅಂತಿದ್ರಲ್ಲ?'

'ಮಾಡುತ್ತಲ್ಲ! ನಿಮ್ಮಮ್ಮ ಯಾವತ್ತು ಪಂಚಾಂಗ ನೋಡಿದ್ದಾಳೆ ಹೇಳು. ನಾನು ಮಗುಟ ಉಟ್ಕೊಂಡು ಹೊರಗೆ ಬಂದ್ರೆ ಒಲೆ ಹಚ್ತಿರ್ಲಿಲ್ಲ. ನಲವತ್ತು ವರ್ಷ ಹಂಗೇ ನಡೀತು. ಅವಳದು ಉಪವಾಸ ಅಲ್ಲ ಅಂತೀಯಾ?'

ಅಪ್ಪ ದಾಸವಾಳದ ಗಿಡದ ಕಡೆ ಗದ್ದ ಎತ್ತಿ, 'ನೀನೇ ಒಂದು ಕಿತ್ತು ಹಾಕು. ನಾನು ಕೀಳಲ್ಲ ಇವತ್ತು. ಅದರ ತಪ್ಪೇನಿಲ್ಲ, ಪಾಪ' ಎಂದರು. ನಾನು ಎರಡು ಕಿತ್ತು ಹಾಕಿದೆ. ಆಮೆ ಹೂವಿಗಿಂತ ಮೊದಲು ನನ್ನ ಹೆಬ್ಬೆರಳನ್ನೇ ನೋಡಿತು.

ಮುಂದಿನ ಏಕಾದಶಿ ಯಾವತ್ತೆಂದು ನಾನು ನೋಡಿಟ್ಟಿರಲಿಲ್ಲ. ಬೆಳಗ್ಗೆ ಎಂದಿನಂತೆ ಕಾಫಿಗೆ ಸ್ಟೌವ್ ಮೇಲೆ ಹಾಲಿಟ್ಟು ಲೈಟರ್ ಹುಡುಕುತ್ತಿದ್ದಾಗ ಅಪ್ಪ ಕೆಂಪು ಮಗುಟ ಉಟ್ಟು ದೇವರ ಮನೆಯಿಂದ ಹೊರಗೆ ಬಂದರು. ಹಾಲನ್ನು ಹಾಗೇ ಎತ್ತಿ ಫ್ರಿಜ್ಜಿನಲ್ಲಿಟ್ಟೆ. ಅಂಗಳದಲ್ಲಿ ಅಪ್ಪನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತೆ. ಹನ್ನೊಂದು ಗಂಟೆಗೇ ತಲೆ ಸುತ್ತತೊಡಗಿತು, ಆದರೂ ದರ್ಶಿನಿಗೆ ಹೋಗಲಿಲ್ಲ. ತುಳಸಿಕಟ್ಟೆಯ ಹಿಂದೆ ಆಮೆಯೂ ಹೊರಗೆ ಬರದೆ ಸುಮ್ಮನೆ ಕೂತಿತ್ತು.