ಕರಷ್ಯಾದಿಂದ ಬಂದವಳು

ದೆವ್ವ, ಗಾಳಿ, ಸೋಕು ಎಂದೆಲ್ಲ ನಂಬುವವರನ್ನು ಕಂಡರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಮೈಸೂರಿನಲ್ಲಿ ನಮ್ಮತ್ತೆ ಮಗುವಿಗೆ ದೃಷ್ಟಿ ತೆಗೆಯುವಾಗಲೂ ಗೇಲಿ ಮಾಡಿದವಳು ನಾನು. ಈಗ ನೀವು ನನ್ನನ್ನು ಗೇಲಿ ಮಾಡಿದರೂ ಬೇಜಾರಿಲ್ಲ. ಆ ಮಧ್ಯಾಹ್ನ ಬಸ್ಸಿನಲ್ಲಿ ನಡೆದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತೇನೆ.

ನಾವಿರುವುದು ಡಚ್ಚರ ನಾಡಿನ ವೆಲ್ಡ್‌ಹೋವನ್ ಎಂಬ ಊರಿನಲ್ಲಿ. ನನ್ನ ಗಂಡ ಪ್ರಶಾಂತ್ ಇಲ್ಲಿ ಇಂಜಿನಿಯರ್. ಮಗಳು ಅನ್ವಿ ಆಗ ತಾನೇ ಶಾಲೆಗೆ ಸೇರಿದ್ದಳು. ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ ಕೊಡುವ ಆಸಾಮಿ. ಅವಳ ಬಾಯಿಂದ ಕನ್ನಡ ಹೊರಡಿಸಲೆಂದು ಊಟ ಮಾಡಿಸುತ್ತ ಒಂದು ದೇಶವನ್ನೇ ಕಟ್ಟಿದೆ. ಅಲಾಸ್ಕಾ ಹಿಂದೆ ರಷ್ಯಾದವರ ವಸಾಹತಾಗಿತ್ತಲ್ಲ, ಅದನ್ನು ಅವರು ಅಮೆರಿಕಕ್ಕೆ ಮಾರಿದರು. ನಮ್ಮ ಕಥೆಯಲ್ಲಿ ಮಾರಲಿಲ್ಲ. ಅಲ್ಲಿನ ಜನ ರಷ್ಯಾದ ಗವರ್ನರನನ್ನು ಹಡಗು ಹತ್ತಿಸಿ ಕಳಿಸಿ, ತಮ್ಮದೇ ದೇಶ ಮಾಡಿಕೊಂಡರು. ಅವರ ಬಾವುಟದ ಮೇಲೆ ನೀರುನಾಯಿ. ಹಿಮ ಬಿದ್ದ ದಿನ ಶಾಲೆಗೆ ರಜ, ಅಂದರೆ ಹೆಚ್ಚುಕಡಿಮೆ ವರ್ಷವಿಡೀ ರಜ.

ಆ ದೇಶಕ್ಕೆ ಭಾಷೆ ಬೇಕಲ್ಲ? ಚಿಕ್ಕಂದಿನಲ್ಲಿ ದೊಡ್ಡವರಿಗೆ ತಿಳಿಯಬಾರದೆಂದು ನಾವು ಆಡುತ್ತಿದ್ದ ಕ-ಭಾಷೆಯನ್ನೇ ಕೊಟ್ಟೆ. ಅದರಲ್ಲಿ ಪ್ರತಿ ಅಕ್ಷರದ ಮುಂದೂ ಒಂದು ‘ಕ’ ಸೇರಿಸಬೇಕು. ಈಗ ನನಗೆ ನಾಲಿಗೆ ಹೊರಳದೆ, ಪದಕ್ಕೊಂದೇ ‘ಕ’ ಸಾಕೆಂದುಬಿಟ್ಟೆ. ಮನೆ ‘ಕಮನೆ’ಯಾಯಿತು, ರಷ್ಯಾಕ್ಕೂ ಒಂದು ‘ಕ’ ಸೇರಿ ದೇಶಕ್ಕೆ ‘ಕರಷ್ಯಾ’ ಎಂಬ ಹೆಸರಾಯಿತು. ಈ ತಪ್ಪು ಭಾಷೆ ನಮ್ಮಿಬ್ಬರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ ಹೇಳಕೂಡದೆಂದು ಅನ್ವಿ ಆಣೆ ಹಾಕಿಸಿಕೊಂಡಿದ್ದಳು.

ಅವತ್ತು ಅವಳನ್ನು ಶಾಲೆಯಿಂದ ಕರೆದುಕೊಂಡು ಬರುತ್ತಿದ್ದೆ. ಮಂಜು ಕವಿದಿತ್ತು, ಬಸ್ಸಿನಲ್ಲಿ ಜನ ಕಡಿಮೆ. ಎದುರು ಸೀಟಿನಲ್ಲಿ ತುಪ್ಪಳದ ಕಾಲರಿನ ಕೋಟು ತೊಟ್ಟ ಬಿಳಿಯ ಮುದುಕಿಯೊಬ್ಬಳು ಕೂತು ಅನ್ವಿಯನ್ನೇ ನೋಡುತ್ತಿದ್ದಳು. ಇಲ್ಲಿ ಅಜ್ಜಿಯರು ಮಕ್ಕಳನ್ನು ನೋಡಿ ನಗುವುದುಂಟು, ನಾನೂ ನಕ್ಕೆ. ಅವಳು ನಗಲಿಲ್ಲ. ನಮ್ಮದಕ್ಕಿಂತ ಮೊದಲಿನ ಸ್ಟಾಪ್ ಬಂದಾಗ ಎದ್ದು, ಅನ್ವಿಯತ್ತ ಕೈಚಾಚಿದಳು.

“ಕಬಾ. ಕಮನೆಗೆ ಕಹೋಗೋಣ. ಕನಿನ್ನಮ್ಮ ಕಕಾಯ್ತಿದ್ದಾಳೆ.”

ಪದಕ್ಕೊಂದೇ ‘ಕ’. ನನ್ನ ತಪ್ಪು, ಹಾಗೇ. ನಿನ್ನಮ್ಮ ಕಾಯುತ್ತಿದ್ದಾಳಂತೆ! ಅಮ್ಮ ನಾನು ಪಕ್ಕದಲ್ಲೇ ಇದ್ದೇನೆ. ಅಷ್ಟರಲ್ಲಿ ಅನ್ವಿ ಎದ್ದು, ಪರಿಚಿತರ ಕೈ ಹಿಡಿಯುವಂತೆ ಆ ಕೈಯನ್ನು ಹಿಡಿದಾಗಿತ್ತು. ಬಾಗಿಲು ತೆರೆಯಿತು. ನಾನು ಜಾಕೆಟ್ ಹಿಡಿದು ಅವಳನ್ನು ಎಳೆದುಕೊಂಡ ರಭಸಕ್ಕೆ ಇಬ್ಬರೂ ಸೀಟಿನ ಮೇಲೆ ಬಿದ್ದೆವು. ಮುದುಕಿ ಸಿಟ್ಟಾಗಲಿಲ್ಲ. ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿ ಇಳಿದುಹೋದಳು.

ರಾತ್ರಿ ನಾನು ಆಣೆ ಮುರಿದು ಹೇಳಿದ್ದನ್ನೆಲ್ಲ ಕೇಳಿ ಪ್ರಶಾಂತ್, “ಏನೋ ಡಚ್ಚಲ್ಲಿ ಅಂದಿರ್ತಾಳೆ ಕಣೇ, ನಿನ್ ಕಿವಿಗೆ ಹಾಗೆ ಕೇಳ್ಸಿದೆ. ಯೋಚ್ನೆ ಬಿಡು” ಎಂದರು. ಇರಬಹುದು ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆಟವನ್ನಂತೂ ಅಂದೇ ನಿಲ್ಲಿಸಿದೆ. ಅನ್ವಿ ಒಮ್ಮೆಯೂ ಅದನ್ನು ಕೇಳಲಿಲ್ಲ.

ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಬಾಗಿಲು ಮುಚ್ಚುವಾಗ ಅನ್ವಿ ನನ್ನ ತೋಳಿನೊಳಗಿಂದಲೇ ಕತ್ತು ಹೊರಳಿಸಿ, ಮುದುಕಿಗೆ “ಕಬರ್ತೀನಿ” ಎಂದಿದ್ದಳು. ನಮ್ಮಲ್ಲಿ ಹೊರಡುವಾಗ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವೆ. ನನ್ನ ಮಗಳು ಆಕೆಗೆ ಸುಮ್ಮನೆ ವಿದಾಯ ಹೇಳಿದಳೋ, ಬರುವುದಾಗಿ ಮಾತು ಕೊಟ್ಟಳೋ? ಅವಳನ್ನೇ ಕೇಳಬಹುದು. ಇವತ್ತಿನವರೆಗೂ ಕೇಳಿಲ್ಲ, ಏನು ಹೇಳಿಬಿಡುತ್ತಾಳೋ ಎಂಬ ಭಯ.